ಮಡ್ಡಿಯ ಸೇಂದಿ

ನಾನು ಮದುವೆಯಾಗಿ ಬಂದ ಮನೆ ಈಚಲ ಗಿಡ ಕೆತ್ತಿ ಸೇಂದಿ ಇಳಿಸುವವರದು. ಊರು ನರೋಣಾದಾಚೆ. ಮಾವ ಎರಡು ಕಡೆಯ ಗಿಡ ಕೆತ್ತುತ್ತಿದ್ದರು. ಹಳ್ಳದ ದಂಡೆಯ ಎರೆ ಮಣ್ಣಿನ ಗಿಡ ಗಡಿಗೆ ತುಂಬ ಕೊಡುತ್ತಿತ್ತು. ಆ ಸೇಂದಿ ತೆಳುವು, ಬೇಗ ಹುಳಿಯುತ್ತಿತ್ತು. ಮಡ್ಡಿಯ, ಅಂದರೆ ಕಲ್ಲುದಿಣ್ಣೆಯ, ಗಿಡ ಕಲ್ಲಿನೊಳಗೆ ಬೇರು ತೂರಿಸಿ ಅರ್ಧ ಗಡಿಗೆ ಕೊಟ್ಟರೆ ಹೆಚ್ಚು. ಅದರ ಸಿಹಿ ಬೇರೆ, ಸಿಹಿಯ ಹಿಂದೆ ಸಣ್ಣ ಒಗರು. ಮಾವ ಎರಡನ್ನೂ ಕೂಡಿಸುತ್ತಿರಲಿಲ್ಲ. ಈ ವರ್ಷ ಗಿಡದ ಒಂದು ಮಗ್ಗುಲು ಕೆತ್ತಿದರೆ ಮುಂದಿನ ವರ್ಷ ಇನ್ನೊಂದು, ನಡುವೆ ಬಿಡುವು. ಗಡಿಗೆ ತೊಳೆಯದಿದ್ದರೆ ನನಗೂ ಬೈಗುಳ.

ಮಾವ ತೀರಿದ ಮೇಲೆ, ಎಂಬತ್ತರ ದಶಕದಲ್ಲಿ, ಸೇಂದಿ ಅಂಗಡಿಯ ಗುತ್ತಿಗೆ ಹಿಡಿದವನೊಬ್ಬ ಊರಿಗೆ ಬಂದ. ಗಿಡಗಳೆಲ್ಲ ಅವನ ಕೈಗೆ ಹೋದವು, ನನ್ನ ಗಂಡ ಅವನ ಆಳಾದರು. ಹಳ್ಳದ್ದೂ ಮಡ್ಡಿಯದೂ ಒಂದೇ ಸಿಮೆಂಟಿನ ತೊಟ್ಟಿಗೆ ಬಿತ್ತು. ಮೇಲೆ ನೀರು, ಒಂದು ಬಿಳಿ ಪುಡಿ.

"ಮಡ್ಡೀದು ಬ್ಯಾರೆ ಇಡು ಅನ್ಲಿಲ್ಲೇನ್ರಿ?" ಎಂದು ಗಂಡನನ್ನು ಕೇಳಿದೆ.

"ಅಂದೆ. ನಕ್ಕ. ಮಂದಿಗೆ ನಿಶಾ ಬೇಕು, ನಿನ್ನ ಮಡ್ಡಿ ಯಾರಿಗೆ ಬೇಕಲೇ ಅಂದ."

"ಆ ಪುಡಿ ಏನದು?"

"ಔಷಧ ಅಂತ."

"ಯಾರಿಗೆ ಜಡ್ಡಾಗೇದ್ರಿ?"

ಅವರು ರೊಟ್ಟಿ ಮುರಿಯುತ್ತ ಕೂತರು.

ಸಂಜೆ ಆಳುಗಳಿಗೆ ಅಂಗಡಿಯಲ್ಲೇ ಕುಡಿಯಲು ಕೊಡುತ್ತಿದ್ದರು. ಬರಬರುತ್ತ ಬೆಳಗಿನ ಹೊತ್ತು ಗಂಡನ ಕೈ ನಡುಗತೊಡಗಿತು. ಅಂಗಡಿಯ ಗ್ಲಾಸು ಹೊಟ್ಟೆಗೆ ಬಿದ್ದರೆ ಮಾತ್ರ ನಿಲ್ಲುತ್ತಿತ್ತು. ಗಿಡದ ತುದಿಯಲ್ಲಿ ಕತ್ತಿ ಹಿಡಿಯುವ ಕೈ ಅದು. ಆಳಕ್ಕೆ ಕೆತ್ತಿದ ಗಿಡ ಒಳಗೇ ಕೊಳೆಯುತ್ತದೆ. ಮಡ್ಡಿಯಲ್ಲಿ ಒಂದೊಂದೇ ಗಿಡದ ಸುಳಿ ಬಾಗಿ ಬಿತ್ತು. ಮುಂದೆ ಬೀಳುವವರು ಇವರೇ ಎಂದು ನಾನು ಕೆಳಗೆ ನಿಂತು ನೋಡುತ್ತಿದ್ದೆ.

ಒಂದು ದಿನ ಗಿಡದಿಂದ ಆಗಷ್ಟೇ ಇಳಿಸಿದ, ಪುಡಿ ಬೀಳದ ಸೇಂದಿಯನ್ನೇ ಕುಡಿಸಿದೆ. ಗಡಿಗೆ ಬರಿದು ಮಾಡಿದರು. ಕೈ ನಡುಗುವುದು ನಿಲ್ಲಲಿಲ್ಲ.

"ಇದು ನೀರು ಅದ ಬೇ," ಎಂದರು. "ಇದರಾಗ ಏನೂ ಇಲ್ಲ."

ಹುಟ್ಟಿದಾಗಿನಿಂದ ಸೇಂದಿ ಕಂಡ ಮನುಷ್ಯ.

ಆಮೇಲೆ ಸರ್ಕಾರದವರು ಬಂದು ಅಂಗಡಿಗೆ ಬೀಗ ಹಾಕಿದರು. ಹೆಂಗಸರು ಸಕ್ಕರೆ ಹಂಚಿದರು, ನಾನೂ ತಿಂದೆ. ಮರುದಿನಕ್ಕೆ ಪುಡಿಯ ಸೇಂದಿ ಸಿಗದೆ ಓಣಿ ಓಣಿಯಲ್ಲೂ ಗಂಡಸರು ಚೀರತೊಡಗಿದರು. ನನ್ನ ಗಂಡ ಗೋಡೆಯ ಮೇಲೆ ಇರುವೆ ಹತ್ತುತ್ತಿವೆ ಎಂದು ಬರಿ ಗೋಡೆಯನ್ನು ಗೀರಿದರು, ಸತ್ತ ಅಪ್ಪನ ಸಂಗಡ ಜಗಳ ತೆಗೆದರು. ನೆರೆಯವರು ಮಂಚಕ್ಕೆ ಕಟ್ಟಿದರು. ಹಿಂದಿನ ಓಣಿಯವನೊಬ್ಬ ಹೊಲದ ಕಡೆ ಓಡಿಹೋಗಿದ್ದ, ಹೆಣವಾಗಿ ಸಿಕ್ಕ. ಇವರು ಉಳಿದರು.

ಕೈ ಸ್ಥಿರವಾದ ಮೇಲೆ ಉಳಿದಿದ್ದ ಮಡ್ಡಿಯ ಗಿಡವೊಂದನ್ನು ಮೆಲ್ಲಗೆ ಕೆತ್ತಿ ಸೇಂದಿ ಇಳಿಸಿದರು. ವಾಸನೆಗೆ ನೆರೆಮನೆಯ ಅಣ್ಣತಮ್ಮರು ಬಂದರು. ಗುಟುಕರಿಸಿ ಮುಖ ಕಿವುಚಿದರು.

"ಯಕ್ಕಾ, ಇದಕ ಜೋರೇ ಇಲ್ಲಲ್ಲ! ಪುಡಿ ಹಾಕೋದು ಮರತ್ರೇನು?" ಎಂದ ದೊಡ್ಡವ.

"ನಿನ್ನ ನಾಲಗಿ ಸುಟ್ಟು ಹೋಗೇದ, ಅದಕ್ಕ ಪುಡಿ ಹಾಕ್ಕೋ," ಎಂದೆ.

ಸಣ್ಣವ ನಕ್ಕು ನನ್ನ ಗಂಡನ ಕಡೆ ತಿರುಗಿದ. "ಯಣ್ಣಾ, ಭೀಮಾ ಹೊಳಿ ಕಡಿ ಒಂದು ಅಂಗಡಿ ಇನ್ನಾ ಚಾಲೂ ಅದಂತ. ಅಫಜಲಪುರ ಬಸ್ಸಿಗೆ ಹೊಂಟೀವಿ. ಬರ್ತೀರೇನು?"

ಗಂಡ ಕೈಯಲ್ಲಿದ್ದ ಗ್ಲಾಸು ನೋಡಿದರು. ಅರ್ಧ ಉಳಿದಿತ್ತು. ಕೆಳಗಿಟ್ಟರು.

"ಹೋಗಬ್ಯಾಡ್ರಿ," ಎಂದೆ.

"ಸುಮ್ನ ನೋಡ್ಕೊಂಡು ಬರ್ತೇನಿ."

ಬಾಗಿಲಿಗೆ ಅಡ್ಡ ನಿಂತೆ. ಅವರು ಬೈಯಲಿಲ್ಲ, ದೂಡಲಿಲ್ಲ. ನನ್ನನ್ನು ಮುಟ್ಟದೆ, ಗೋಡೆಗೆ ಮೈ ಸವರಿಕೊಂಡು ಪಕ್ಕದಿಂದ ನುಸುಳಿದರು. ಬಸ್ಸು ಇನ್ನೂ ಬಂದಿರಲಿಲ್ಲ. ಮೂವರೂ ರಸ್ತೆಯ ಮೇಲೆ ನಿಂತು ಅದು ಬರುವ ದಿಕ್ಕನ್ನೇ ನೋಡುತ್ತಿದ್ದರು. ಒಬ್ಬರೂ ಹಿಂತಿರುಗಿ ನೋಡಲಿಲ್ಲ.