ಪುಟದ ನಂಬರ್ ಮಾತ್ರ

ಧಾರವಾಡದ ಕಾಲೇಜೊಂದರಲ್ಲಿ ಎಂ.ಎ.ಗೆ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಅಮರಗೋಳದಿಂದ ಬಸ್ಸಿನಲ್ಲಿ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಹುಟ್ಟಿನಿಂದ ಕಣ್ಣು ಕಾಣುತ್ತಿರಲಿಲ್ಲ. ತರಗತಿ ಮುಗಿದ ಮೇಲೆ ಗೆಳತಿಯೊಬ್ಬಳು ಎಲ್ಲ ವಿಷಯಗಳ ಇಂಗ್ಲಿಷ್ ನೋಟ್ಸ್ ಓದುತ್ತಿದ್ದಳು. ಇವಳು ಹುಬ್ಬಳ್ಳಿಯ ದುರ್ಗದಬೈಲ್ ಪೇಟೆಯಿಂದ ತಂದ ಕ್ಯಾಸೆಟ್ಟುಗಳಲ್ಲಿ ಅದನ್ನು ತುಂಬಿಕೊಳ್ಳುತ್ತಿದ್ದಳು. ಲೆಕ್ಚರರ್ ಆಗುವ ಆಸೆ ಅವಳಿಗೆ. ನಪಾಸಾದರೆ ಓದು ಅಲ್ಲಿಗೇ ಸಾಕು ಎಂದು ಮನೆಯಲ್ಲಿ ಹೇಳಿಯಾಗಿತ್ತು.

ಆ ವರ್ಷ ನಮ್ಮ ಗ್ರಂಥಾಲಯಕ್ಕೆ ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದುವ ಕಂಪ್ಯೂಟರ್ ಬಂತು. ನನಗೋ ಎಲ್ಲಿಲ್ಲದ ಹುರುಪು. ದೀಪಾವಳಿ ರಜೆಯಿಡೀ ಗೋಪನಕೊಪ್ಪದ ಮನೆಯಲ್ಲಿ ಕುಳಿತು ನನ್ನ ನೋಟ್ಸಿನ ಒಂದೊಂದೇ ಹಾಳೆ ಸ್ಕ್ಯಾನ್ ಮಾಡಿ ಸಿ.ಡಿ.ಗೆ ಹಾಕಿದೆ. ತರಗತಿಯಲ್ಲಿ ಎಲ್ಲರೆದುರು ಅದನ್ನು ಅವಳ ಕೈಗಿಟ್ಟೆ. ಗೆಳತಿಗೂ ಹೇಳಿದೆ: "ಇನ್ನ ನನ್ನ ವಿಷಯ ನೀ ಓದೂದು ಬ್ಯಾಡವಾ, ಕಂಪ್ಯೂಟರ್ ಓದತೈತಿ." ಚಪ್ಪಾಳೆ ಬಿತ್ತು. ನಾನು ಉಬ್ಬಿಹೋದೆ.

ಕಂಡಾಗಲೆಲ್ಲ "ಛಲೋ ಐತೇನವಾ?" ಎಂದು ಕೇಳುತ್ತಿದ್ದೆ. "ಹೂನ್ರಿ ಸರ್" ಅನ್ನುತ್ತಿದ್ದಳು. ಗುರುಗಳು ಕೊಟ್ಟಿದ್ದಕ್ಕೆ ಐಬು ಹೇಳದ ಮಕ್ಕಳು ನಮ್ಮ ಕಡೆ ಬಹಳ. ಒಮ್ಮೆಯಾದರೂ ಪಕ್ಕದಲ್ಲಿ ಕುಳಿತು ಕೇಳಿ ನೋಡೋಣ ಅಂತ ನನಗೂ ಅನ್ನಿಸಲಿಲ್ಲ.

ಫಲಿತಾಂಶ ಬಂತು. ಗೆಳತಿ ಓದಿಕೊಟ್ಟ ವಿಷಯಗಳೆಲ್ಲ ಪಾಸು, ನನ್ನದೊಂದೇ ನಪಾಸು. ನನಗೆ ಸಿಟ್ಟೇ ಬಂತು. ಅವಳು ಓದು ಬಿಟ್ಟು, ತಂದೆಯ ಜೊತೆ ಸರ್ಟಿಫಿಕೇಟು ವಾಪಸ್ ಒಯ್ಯಲು ಬಂದಾಗ ಬೈದೆ.

"ಎಲ್ಲಾ ಕೊಟ್ಟಿದ್ನಲ್ಲ, ಕೇಳಲಿಲ್ಲೇನು?"

"ಕೇಳೇನ್ರಿ ಸರ್," ಎಂದಳು ಮೆಲ್ಲಗೆ. "ಅದು ಬರೇ ಪುಟದ ನಂಬರ್ ಹೇಳತಿತ್ರಿ. ಒಳಗಿಂದು ಏನೂ ಓದತಿರಲಿಲ್ರಿ."

ಆಗ ಹೊಳೆಯಿತು. ನಾನು ಕೊಟ್ಟದ್ದು ಹಾಳೆಗಳ ಫೋಟೋ. ಫೋಟೋದೊಳಗಿನ ಅಕ್ಷರ ಆ ಕಂಪ್ಯೂಟರಿಗೆ ತಿಳಿಯುತ್ತಿರಲಿಲ್ಲ; ಒಂದೊಂದು ಫೋಟೋಕ್ಕೂ ನಾನು ಹೆಸರಾಗಿ ಕೊಟ್ಟಿದ್ದ ಪುಟದ ನಂಬರನ್ನಷ್ಟೇ ಓದುತ್ತಿತ್ತು. ಕುಳಿತು ಟೈಪ್ ಮಾಡಿಕೊಡಬೇಕಿತ್ತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಮಾಡಿದವನು ನಾನು, ಉಂಡವಳು ಅವಳು. ಓದುತ್ತಿದ್ದ ಗೆಳತಿಯನ್ನು ತಪ್ಪಿಸಿದವನೂ ನಾನೇ. ಇನ್ನೊಮ್ಮೆ ಪರೀಕ್ಷೆಗೆ ಕೂರಿಸಿ ಎಂದು ಅವಳ ತಂದೆಗೆ ಕೈಮುಗಿದು ಕೇಳಿದೆ. "ಸಾಕ್ರಿ ಸರ್," ಎಂದು ಅವರು ಎದ್ದರು.

"ಮೊದಲನೇ ದಿನಾನ ಹೇಳಬಾರದಾಗಿತ್ತೇನವಾ?" ಎಂದೆ.

"ಮುಂದ ಎಲ್ಲೋ ಶುರು ಆಗತೈತಿ ಅಂತ ಮಾಡಿದ್ನಿರಿ," ಎಂದಳು. "ಇನ್ನೂರಾ ಹದಿನಾಲ್ಕನೇ ಪುಟದ ತನಕ ಕೇಳಿದ್ನಿರಿ."

ನನ್ನ ನೋಟ್ಸಿನ ಕೊನೆಯ ಪುಟ ಅದು.