ಪೈಪಕ್ಕನ ಅಂಗೈ

"ಪೈಪ್ ನಿಂತ್ರೂ ನಾನು ಒಳಗೆ ಬರೋದಿಲ್ಲ" ಎಂದು ಏಳು ವರ್ಷದ ಹಿಂದೆ ಆಸ್ಪತ್ರೆಯ ಮಂಚದ ಮೇಲೆ ಕುಳಿತು ಆಕೆ ಗಂಡನಿಗೆ ಮಾತು ಕೊಟ್ಟಿದ್ದಳು. ಒಂದೇ ಉಸಿರಿಗೆ ಹೇಳಿ ಮುಗಿಸುವಷ್ಟು ಶಕ್ತಿ ಇರಲಿಲ್ಲ, ಎರಡು ಕಂತಿನಲ್ಲಿ ಹೇಳಿದಳು. ಅವನಿಗೆ ಅಷ್ಟು ಸಾಲಲಿಲ್ಲ. "ಏನೇ ಆದ್ರೂ?" ಎಂದು ಮತ್ತೆ ಕೇಳಿದ. "ಏನೇ ಆದ್ರೂ" ಎಂದಳು.

ಈಗ ಬೆಳಗಿನ ಜಾವ. ಊರಾಚೆಯ ಕರುಗಳ ಕೊಟ್ಟಿಗೆಯ ಮುಂದೆ ಅವರ ಹಳೆಯ ಲಾರಿ ನಿಂತಿದೆ. ಅದರ ಹೊಟ್ಟೆಯಲ್ಲಿ ಎರಡು ಡ್ರಮ್ಮು, ಒಂದು ಪಂಪು, ಕಿವಿ ಗಡಚಿಕ್ಕುವ ಜನರೇಟರು. ಅಲ್ಲಿಂದ ಹೊರಟ ದಪ್ಪ ಪೈಪು ಅಂಗಳ ದಾಟಿ, ಬಾಗಿಲಿಗೆ ಇಳಿಬಿಟ್ಟ ಪ್ಲಾಸ್ಟಿಕ್ ಪರದೆಯ ಅಡಿಯಿಂದ ಒಳಕ್ಕೆ ನುಸುಳಿದೆ. ಪರದೆಯ ಆಚೆ ಗಂಡ. ಈಚೆ, ಲಾರಿಯ ಪಕ್ಕ, ಗಾಳಿಗೆ ಬೆನ್ನು ಕೊಟ್ಟು, ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಆಕೆ. ಬಲ ಅಂಗೈ ಪೈಪಿನ ಮೇಲಿದೆ. ಕೆಲಸ ಮುಗಿಯುವವರೆಗೆ ಅದು ಅಲ್ಲಿಂದ ಏಳುವುದಿಲ್ಲ. ಮೂಗು ತುರಿಸಿದರೂ ಎಡಗೈ.

ಸುತ್ತಲಿನ ಹೈನುಗಾರರು, ಕೋಳಿ ಸಾಕುವವರು ಆಕೆಯನ್ನು ಪೈಪಕ್ಕ ಎಂದೇ ಕರೆಯುತ್ತಾರೆ. "ಏನಕ್ಕಾ, ಗಂಡನ್ನ ಹಗ್ಗ ಕಟ್ಟಿ ಮೇಯೋಕೆ ಬಿಟ್ಟಿದೀಯಾ?" ಎಂದು ಕೊಟ್ಟಿಗೆಯ ಯಜಮಾನ ಕಿಚಾಯಿಸುತ್ತಾನೆ. "ಹೂಂ, ಬಿಚ್ಚಿದ್ರೆ ಪಕ್ಕದ ಹೊಲಕ್ಕೆ ನುಗ್ತಾನೆ" ಎನ್ನುತ್ತಾಳೆ. ನಗುವುದು ಯಜಮಾನ ಮಾತ್ರ. ಆಕೆಯ ಕಣ್ಣು ಪರದೆ ಬಿಟ್ಟು ಕದಲುವುದಿಲ್ಲ.

ಇಲ್ಲಿಯ ಕಷ್ಟ ಮೇಲಿನಿಂದ ಬೀಳುವಂಥದ್ದು. ಕರುಗಳ ಉಸಿರು, ಗಂಜಲ, ಒದ್ದೆ ಹುಲ್ಲು ಎಲ್ಲದರ ಹಬೆ ಬೆಚ್ಚಗೆ ಮೇಲೇರಿ, ಚಳಿಗೆ ತಣ್ಣಗಾದ ತಗಡಿಗೆ ತಾಗಿ ನೀರಾಗುತ್ತದೆ. ಹೊರಗೆ ಆಕಾಶ ಬರಿದಾಗಿದ್ದರೂ ಒಳಗೆ ತಟತಟ ಹನಿ. ಕರುಗಳ ಬೆನ್ನು ಆರುವುದೇ ಇಲ್ಲ, ಕೆಮ್ಮು ಹಿಡಿಯುತ್ತದೆ. ತೊಲೆ ಕೊಳೆಯುತ್ತದೆ, ಮೊಳೆಗೆ ತುಕ್ಕು ಹಿಡಿಯುತ್ತದೆ. ತಗಡಿನ ಒಳಮೈಗೆ ಸ್ಪ್ರೇ ಫೋಮ್, ಅಂದರೆ ಉಬ್ಬಿ ಗಟ್ಟಿಯಾಗುವ ನೊರೆ, ಹೊಡೆದರೆ ಬೆಚ್ಚನೆಯ ಹಬೆಗೆ ತಣ್ಣನೆಯ ತಗಡು ಸಿಗುವುದಿಲ್ಲ, ಹನಿ ನಿಲ್ಲುತ್ತದೆ. ಹೇಳುವುದಕ್ಕೆ ಇಷ್ಟೇ.

ಮಾಡುವುದು ಬೇರೆಯೇ ಮಾತು. ತಗಡು ಒದ್ದೆಯಿದ್ದರೆ ನೊರೆ ಕಚ್ಚುವುದಿಲ್ಲ, ಹಪ್ಪಳದಂತೆ ಎದ್ದುಬರುತ್ತದೆ. ಅದಕ್ಕೆ ಕರುಗಳನ್ನು ಬೇರೆಡೆ ಕಟ್ಟಿಸಿ, ರಾತ್ರಿಯಿಡೀ ಹೀಟರ್ ಉರಿಸಿ ಒಣಗಿಸಬೇಕು. ಒಂದೇ ಸಲಕ್ಕೆ ದಪ್ಪ ಹೊಡೆದರೆ ನೊರೆ ಒಳಗೊಳಗೇ ಕಾದು ಹೊತ್ತಿಕೊಳ್ಳಲೂಬಹುದು. ಎರಡು ಡ್ರಮ್ಮಿನ ದ್ರವ ಪೈಪಿನ ತುದಿಯ ಸ್ಪ್ರೇ ಗನ್ನಿನ ಬಾಯಲ್ಲಿ ಬೆರೆತು ನೊರೆಯಾಗುವಾಗ ಏಳುವ ಮಂಜು ಎಲ್ಲಕ್ಕಿಂತ ಕೆಟ್ಟದ್ದು. ಹೊರಗಿನಿಂದ ಶುದ್ಧ ಗಾಳಿ ಹಾಯಿಸುವ ಮುಖವಾಡ ತೊಟ್ಟೇ ಗಂಡ ಒಳಗಿರುತ್ತಾನೆ.

ಶುರುವಿನಲ್ಲಿ ಆಕೆಯೂ ಒಳಗೇ ಇರುತ್ತಿದ್ದಳು. ಉಬ್ಬಿ ಹೊರಬಂದ ನೊರೆಯನ್ನು ಕೆತ್ತಿ ಸಮ ಮಾಡುವುದು ಆಕೆಯ ಪಾಲಿನ ಕೆಲಸ. "ಮೂಗಿಗೆ ಬಟ್ಟೆ ಕಟ್ಕೊಂಡ್ರೆ ಸಾಕು ಅಂದ್ಕೊಂಡಿದ್ವಿ. ಸಂಜೆ ಸ್ವಲ್ಪ ಎದೆ ಬಿಗಿಯೋದು. ಸುಸ್ತು ಅಂತ ಟೀ ಕುಡಿದು ಮಲಗ್ತಿದ್ದೆ" ಎನ್ನುತ್ತಾಳೆ. ಒಂದು ಸಂಜೆ ಟೀ ಲೋಟ ಕೈಯಲ್ಲಿದ್ದ ಹಾಗೇ ಗಂಟಲು ಮುಚ್ಚಿಕೊಂಡಿತು. ಆ ವಸ್ತುವನ್ನು ನಿಮ್ಮ ಮೈ ಶತ್ರು ಎಂದು ಗುರುತು ಇಟ್ಟುಕೊಂಡಿದೆ, ಇನ್ನು ಒಂದು ಗುಕ್ಕು ಒಳಗೆ ಹೋದರೂ ಜೀವಕ್ಕೆ ಸಂಚಕಾರ ಎಂದು ವೈದ್ಯರು ಹೇಳಿದರು. ಯಂತ್ರ ಮಾರಿಬಿಡೋಣ ಎಂದ ಗಂಡ. ಬೇರೆ ಕೆಲಸ ಇಬ್ಬರಿಗೂ ಬರುವುದಿಲ್ಲ, ಮನೆಯಲ್ಲಿ ಸಣ್ಣ ಮಗಳಿದ್ದಾಳೆ. ಹೊರಗಿದ್ದು ಪಂಪು ನೋಡಿಕೊಳ್ಳುತ್ತೇನೆ ಎಂದು ಆಕೆ ಹಟ ಹಿಡಿದಳು. ಒಳಗೆ ತನಗೇನಾದರೂ ಆದರೆ ಆಕೆ ಹಿಂದೆಮುಂದೆ ನೋಡದೆ ನುಗ್ಗುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು. ಮಗಳಿಗೆ ಇಬ್ಬರಲ್ಲಿ ಒಬ್ಬರಾದರೂ ಉಳಿಯಬೇಕಲ್ಲ. ಆ ಮಾತು ಪಡೆದದ್ದು ಅದಕ್ಕೇ.

ಜನರೇಟರಿನ ಅಬ್ಬರದಲ್ಲಿ ಕೂಗಿದರೆ ಕೇಳುವುದಿಲ್ಲ. ಮಂಜಿನಲ್ಲಿ ಕಾಣುವುದೂ ಇಲ್ಲ. ಗಂಡ ಬದುಕಿದ್ದಾನೆ ಎನ್ನುವುದಕ್ಕೆ ಆಕೆಗಿರುವ ಸಾಕ್ಷಿ ಅಂಗೈ ಕೆಳಗಿನ ಪೈಪು ಮಾತ್ರ. ಅವನು ಗನ್ ಒತ್ತಿದರೆ ಅದು ಅದುರುತ್ತದೆ, ಹೆಜ್ಜೆ ಇಟ್ಟರೆ ಸರಿಯುತ್ತದೆ. ನಡುನಡುವೆ ನಿಲ್ಲುತ್ತದೆ. ಆದರೆ ಆ ನಿಲುಗಡೆಗಳಿಗೂ ಅಳತೆಯಿದೆ. ಮುಖವಾಡದ ಗಾಜಿಗೆ ಅಂಟಿಸಿದ, ನೊರೆ ಮೆತ್ತಿದ ತೆಳು ಹಾಳೆ ಕಿತ್ತೆಸೆಯುವಷ್ಟು ಹೊತ್ತು. ಕಟ್ಟಿಕೊಂಡ ಗನ್ನಿನ ಬಾಯಿ ಚುಚ್ಚಿ ಬಿಡಿಸುವಷ್ಟು ಹೊತ್ತು. ಏಣಿ ಸರಿಸುವಷ್ಟು ಹೊತ್ತು, ಅದೇ ಎಲ್ಲಕ್ಕಿಂತ ದೊಡ್ಡದು. "ಅದಾದ್ಮೇಲೂ ಅಲ್ಲಾಡ್ಲಿಲ್ಲ ಅಂದ್ರೆ ಅದಕ್ಕೆ ನನ್ನತ್ರ ಹೆಸರಿಲ್ಲ" ಎನ್ನುತ್ತಾಳೆ.

ಕಳೆದ ಚಳಿಗಾಲ ಒಂದು ಕೋಳಿಮನೆಯಲ್ಲಿ ಅದೇ ಆಯಿತು. ಪೈಪು ನಿಂತಿತು. ಹಾಳೆ ಕೀಳುವಷ್ಟು ಹೊತ್ತು ಕಳೆಯಿತು, ಗನ್ ಬಿಡಿಸುವಷ್ಟು ಕಳೆಯಿತು, ಏಣಿ ಸರಿಸುವಷ್ಟೂ ಕಳೆಯಿತು. ಪೈಪನ್ನು ಜಗ್ಗಿದಳು. ಆಚೆಯಿಂದ ಯಾರೂ ಜಗ್ಗಲಿಲ್ಲ. ಮುಖವಾಡಕ್ಕೆ ಗಾಳಿ ಕಳಿಸುವ ಯಂತ್ರವೇನೋ ಓಡುತ್ತಿತ್ತು, ಆ ಗಾಳಿ ಅವನ ಮೂಗಿಗೆ ಹೋಗುತ್ತಿದೆಯೋ ನೆಲಕ್ಕೆ ಹೋಗುತ್ತಿದೆಯೋ ಹೇಳುವವರಿಲ್ಲ.

ಅಲ್ಲಿದ್ದದ್ದು ಕೋಳಿಮನೆಯ ಯಜಮಾನ ಒಬ್ಬನೇ. ಅವನು ಆಗಲೇ ಫೋನು ಕಿವಿಗಿಟ್ಟು ಆಂಬುಲೆನ್ಸಿಗೆ ದಾರಿ ಹೇಳುತ್ತಿದ್ದ. ಆಕೆ ಗಂಡನಿಗೆ ಕೊಟ್ಟ ಮಾತಿನ ಪ್ರಕಾರ ಒಳಗೆ ಹೋಗಬೇಕಾದವನು ಅವನು. ಲಾರಿಯಲ್ಲಿ ಫಿಲ್ಟರ್ ಇದ್ದ ಇನ್ನೊಂದು ಮುಖವಾಡವಿತ್ತು. ಅದನ್ನು ಅವನ ಮುಖಕ್ಕೆ ಏರಿಸಿ, ಪಟ್ಟಿ ಬಿಗಿದು, ಅಂಚಿನ ಸುತ್ತ ಬೆರಳಾಡಿಸಿದಾಗ ಬೆರಳಿಗೆ ಸಿಕ್ಕಿದ್ದು ಗಡ್ಡ. ಎದೆಗೆ ಇಳಿಬಿದ್ದ ಸೊಂಪಾದ ಗಡ್ಡ. ಗಡ್ಡವಿದ್ದ ಮುಖಕ್ಕೆ ರಬ್ಬರು ಕೂರುವುದಿಲ್ಲ, ಕೂದಲ ಸಂದಿಯಿಂದ ವಿಷ ಒಳಗೆ ಬಂದೇ ಬರುತ್ತದೆ.

"ಪರ್ವಾಗಿಲ್ಲ ಬಿಡಕ್ಕ, ಉಸಿರು ಬಿಗಿ ಹಿಡ್ಕೊಂಡು ಹೋಗ್ತೀನಿ" ಎಂದ ಆತ.

"ನಿಮ್ಮನೇಲೂ ಮಕ್ಕಳಿದಾರೆ" ಎಂದು ಆಕೆ ಅವನ ಮುಖದಿಂದ ಮುಖವಾಡ ಬಿಚ್ಚಿ ತೆಗೆದುಕೊಂಡಳು.

ಅದನ್ನು ತಾನು ತೊಟ್ಟುಕೊಳ್ಳುವಾಗ ಅವಸರ ಮಾಡಲಿಲ್ಲ. ಮೇಲಿನ ಪಟ್ಟಿ, ಕೆಳಗಿನ ಪಟ್ಟಿ, ಅಂಗೈಯಿಂದ ಫಿಲ್ಟರ್ ಮುಚ್ಚಿ ಎಳೆದ ಉಸಿರು. ಗಾಳಿ ಸೋರುತ್ತಿತ್ತು. ಎಲ್ಲ ಬಿಚ್ಚಿ ಮತ್ತೆ ಮೊದಲಿನಿಂದ ಕಟ್ಟಿದಳು. ಗಂಡ ಒಳಗೆ ಬಿದ್ದಿರುವಾಗ ಪಟ್ಟಿಯ ಬಕಲ್ ಸರಿಮಾಡುತ್ತ ನಿಂತ ಆ ಹೊತ್ತು ಇವತ್ತಿಗೂ ಕನಸಿನಲ್ಲಿ ಬರುತ್ತದಂತೆ. ಕನಸಿನಲ್ಲಿ ಬಕಲ್ ಕೂರುವುದೇ ಇಲ್ಲ.

ಒಳಗೆ ಹಳದಿ ಮಂಜು. ಕಣ್ಣಿಗೇನೂ ಕಾಣದೆ ಪೈಪನ್ನೇ ತಡವಿಕೊಂಡು ನಡೆದಳು. ಅಟ್ಟಣೆಯ ಹಲಗೆ ಜಾರಿತ್ತು. ಏಣಿಯ ಅಡಿಯಲ್ಲಿ ಕಾಲು ಸಿಕ್ಕಿಕೊಂಡು ಗಂಡ ಬಿದ್ದಿದ್ದ, ಗನ್ ಎಲ್ಲೋ ಹಾರಿಹೋಗಿತ್ತು. ಮುಖವಾಡ ಮುಖದ ಮೇಲೇ ಇತ್ತು. ಗಾಜಿನ ಹಿಂದಿನ ಕಣ್ಣು ಆಕೆಯನ್ನು ಕಂಡದ್ದೇ ಇಷ್ಟಗಲ ಆಯಿತು. ಬೇಡ, ಹೋಗು, ಹೋಗು ಎಂದು ಅವನು ಕೈ ಬೀಸಿದ. ಆಕೆ ಏಣಿ ಎತ್ತಿ, ಕಂಕುಳಿಗೆ ಕೈ ಕೊಟ್ಟು ಎಳೆಯತೊಡಗಿದಳು. ಅರ್ಧ ದಾರಿಯಲ್ಲಿ ಅವನ ಮೊಣಕೈ ಬಡಿದು ಆಕೆಯ ಮುಖವಾಡ ಓರೆಯಾಯಿತು. ಉಸಿರು ಬಿಗಿ ಹಿಡಿದಳು. ಪರದೆಗೆ ಇನ್ನೂ ನಾಲ್ಕು ಮಾರು ಇರುವಾಗ ಹಿಡಿದ ಉಸಿರು ನಿಲ್ಲಲಿಲ್ಲ, ಒಂದು ಗುಕ್ಕು ಮಂಜು ಒಳಗೆ ಹೋಯಿತು.

ಪರದೆ ಹರಿದು ಇಬ್ಬರನ್ನೂ ಹೊರಗೆಳೆದವನು ಗಡ್ಡದ ಯಜಮಾನ. ಗಂಡನಿಗೆ ಕಣಕಾಲು ಮುರಿದಿತ್ತು. ಆಸ್ಪತ್ರೆಯಲ್ಲಿ ಆಕೆಯ ಪರವಾಗಿ ಎರಡು ದಿನ ಯಂತ್ರ ಉಸಿರಾಡಿತು.

ಮನೆಗೆ ಬಂದ ಮೇಲೆ ಒಂದು ವಾರ ಮಗಳು ಆಕೆಯ ಜೊತೆ ಮಾತಾಡಲಿಲ್ಲ. ತಟ್ಟೆ ತಂದು ಕುಕ್ಕುವಳು, ಹೋಗುವಳು. ಎಂಟನೆಯ ದಿನ ಬಾಗಿಲಲ್ಲಿ ನಿಂತು ಕೇಳಿದಳು: "ಒಳಗೆ ಹೋಗೋವಾಗ ನಾನು ನೆನಪಿಗೆ ಬಂದ್ನಾ ಅಮ್ಮ?"

ಮಗಳು ನೆನಪಿಗೆ ಬಂದಿದ್ದಳೇ ಎಂದು ಯಾರಾದರೂ ಕೇಳಿದರೆ ಪೈಪಕ್ಕ ಎದುರಿಗಿರುವವರ ಮುಖ ನೋಡುವುದಿಲ್ಲ. "ಬಂದ್ಲು. ಬಂದ್ರೂ ಹೋದೆ. ಅದನ್ನ ಮಗೂಗೆ ಹೆಂಗ್ ಹೇಳ್ಲಿ?"

ಇಂದು ಕೊಟ್ಟಿಗೆಯಲ್ಲಿ ಪೈಪು ನಿಂತಿದೆ. ಗಂಡನ ಕಾಲು ಈಗ ಕುಂಟುವುದರಿಂದ ಹಳೆಯ ಅಳತೆಗಳೆಲ್ಲ ಕೆಟ್ಟಿವೆ, ಏಣಿ ಸರಿಸಲು ಎಷ್ಟು ಹೊತ್ತು ಹಿಡಿಯುತ್ತದೆಂದು ಆಕೆಗೂ ಖಾತ್ರಿಯಿಲ್ಲ. ಎಡಗೈ ತಾನಾಗಿ ಪಕ್ಕದ ಮುಖವಾಡದ ಪಟ್ಟಿ ಹುಡುಕುತ್ತದೆ. ಪೈಪು ಅಲ್ಲಾಡುವುದಿಲ್ಲ. ಆಕೆ ಪೈಪನ್ನು ಕೈಯಲ್ಲೇ ಹಿಡಿದು ಎದ್ದು ನಿಲ್ಲುತ್ತಾಳೆ. ಆಗ ಅಂಗೈಯಲ್ಲಿ ಪೈಪು ಸಣ್ಣಗೆ ಅದುರುತ್ತದೆ. ಆಕೆ ಕುಳಿತುಕೊಳ್ಳುತ್ತಾಳೆ, ಬಕೆಟ್ಟು ಎಲ್ಲಿದೆ ಎಂದು ನೋಡದೆ.

ಕರುಗಳು ಕೆಮ್ಮದೆ ಮಲಗಿದರೆ ಸಾಕು, ಗಂಡ ನಡೆದುಕೊಂಡು ಹೊರಗೆ ಬಂದರೆ ಸಾಕು, ಬೇರೆ ಆಸೆಯಿಲ್ಲ ಎನ್ನುತ್ತಾಳೆ. ಪ್ರತಿ ಬೆಳಗ್ಗೆ ಮುಖವಾಡ ಏರಿಸುವ ಮುಂಚೆ ಅವನು "ಇನ್ನೊಂದ್ಸಲ ಮಾತು ಕೊಡೇ" ಎನ್ನುತ್ತಾನೆ. ಮನೆಯಲ್ಲಿ ಮಗಳೂ ಅದನ್ನೇ ಕೇಳುತ್ತಾಳೆ. ಆಕೆ ಪಟ್ಟಿ ಬಿಗಿದು, ಅಂಚಿನ ಸುತ್ತ ಬೆರಳಾಡಿಸಿ, ಹೋಗಿ ಎಂದು ಅವನ ಬೆನ್ನು ತಟ್ಟುತ್ತಾಳೆ.

ಏಳು ವರ್ಷದ ಹಿಂದೆ ಕೊಟ್ಟ ಮಾತನ್ನು ಆಕೆ ಉಳಿಸಿಕೊಳ್ಳಲಿಲ್ಲ. ಹೊಸದಾಗಿ ಕೊಟ್ಟಿಲ್ಲ.