ಕಾವಲಕ್ಕ ಕಳಿಸಿದ ಆರು

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಹದಿನೆಂಟು ವರ್ಷ ಕೂತವಳನ್ನು ಎಲ್ಲರೂ ಕಾವಲಕ್ಕ ಎಂದೇ ಕರೆಯುತ್ತಿದ್ದರು. ಐದೈದು ನಿಮಿಷಕ್ಕೊಮ್ಮೆ ಅವಳ ಸರ್ವರ್ ಕಟ್ಟಡದ ನಲವತ್ತು ಯಂತ್ರಗಳನ್ನೂ ವಿಚಾರಿಸಿಕೊಳ್ಳುತ್ತಿತ್ತು. ಸರಿಯಿದ್ದರೆ ಪರದೆಯಲ್ಲಿ ಹಸಿರು ಚುಕ್ಕಿ, ಎಡವಟ್ಟಾದರೆ ಕೆಂಪು. ಕೆಂಪು ಕಂಡರೆ ಊಟದ ಡಬ್ಬಿ ಅರ್ಧಕ್ಕೇ ಬಿಟ್ಟು ಓಡುವ ಹೆಂಗಸು. ಇಂಥವಳನ್ನು ಇನ್ನೆಲ್ಲಿ ಹುಡುಕುತ್ತೀರಿ?

ಅವಳ ತಂಗಿ ಅದೇ ಕಟ್ಟಡದ ನೆಲಮಾಳಿಗೆಯಲ್ಲಿ, ರಕ್ತನಿಧಿಯ ಟೆಕ್ನಿಷಿಯನ್. ಅಲ್ಲಿನ ಫ್ರಿಜ್ಜು ಆರು ಡಿಗ್ರಿ ದಾಟಬಾರದು. ಹತ್ತು ದಾಟಿತೋ, ರಕ್ತವನ್ನೆಲ್ಲ ಚೆಲ್ಲಬೇಕು. ಅದಕ್ಕೇ ಕಾವಲಕ್ಕ ಹೊಸ ಏರ್ಪಾಡು ಮಾಡಿದ್ದಳು: ಮಿತಿಯ ಅಂಕಿಯನ್ನು ಪ್ರಶ್ನೆಯ ಜೊತೆಗೇ ಮೇಲಿನಿಂದ ಕಳಿಸುವುದು. "ಆರು ದಾಟಿದೆಯಾ?" ಎಂದು ಕೇಳಿದರಾಯಿತು, ಪ್ರತಿ ಯಂತ್ರದ ಹತ್ತಿರ ಹೋಗಿ ಬರೆಯುವ ಗೋಜಿಲ್ಲ.

ಆದರೂ ತಂಗಿ ಬೆಳಿಗ್ಗೆ ಬಂದವಳೇ ಬಾಗಿಲು ತೆಗೆದು ಒಳಗಿನ ಥರ್ಮಾಮೀಟರ್ ನೋಡುತ್ತಿದ್ದಳು. ಅಕ್ಕನಿಗೆ ಮೈಯೆಲ್ಲ ಉರಿ.

"ನಾನಿಲ್ಲಿ ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕೂತಿಲ್ವೇನೇ? ನನ್ನ ಮೇಲೆ ನಂಬಿಕೆ ಇಲ್ವಾ?"

"ನಿನ್ನ ಮೇಲಿದೆ ಅಕ್ಕಾ. ಫ್ರಿಜ್ಜಿನ ಮೇಲಿಲ್ಲ."

"ಅಂಕಿ ಕಳಿಸಿದೀನಿ, ಹಸಿರು ಬಂದಿದೆ, ಮುಗೀತು. ಇನ್ಮೇಲೆ ಬಾಗಿಲು ಮುಟ್ಟಿದ್ರೆ ನೋಡು!"

ಒಂದು ಸೋಮವಾರ ಹತ್ತು ಗಂಟೆಗೆ ತಂಗಿಯ ಫೋನ್ ಬಂತು. "ಅಕ್ಕಾ, ಬೈಬೇಡ. ಬಾಗಿಲು ತೆಗೆದೆ. ಒಳಗೆ ಎಂಟಿದೆ. ನಿಂದೇನು ತೋರಿಸ್ತಿದೆ?"

ಹಸಿರು ತೋರಿಸುತ್ತಿತ್ತು.

ಒಳಗೆ ಅರವತ್ತು ಚೀಲ ರಕ್ತ, ಹನ್ನೊಂದಕ್ಕೆ ಗರ್ಭಿಣಿಯೊಬ್ಬಳ ಆಪರೇಷನ್. "ಮೊದಲು ಎಲ್ಲಾನೂ ಪಕ್ಕದ ಫ್ರಿಜ್ಜಿಗೆ ಹಾಕೇ!" ಎಂದು ಕಾವಲಕ್ಕ ಕೂಗಿ, ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲಿಳಿದಳು. ಸದ್ಯ, ಒಂದು ಚೀಲವೂ ಕೆಡಲಿಲ್ಲ.

ಆಮೇಲೆ ಫ್ರಿಜ್ಜಿಗೆ ಜೋಡಿಸಿದ ಪುಟ್ಟ ಕಂಪ್ಯೂಟರ್ ತೆರೆದು ನೋಡುತ್ತಾಳೆ, ಎಷ್ಟು ದಾಟಿದರೆ ಕೆಂಪು ಎಂದು ಬರೆದ ಸಾಲಿನಲ್ಲಿ, ಕಳಿಸಿದ ಅಂಕಿ ಬಂದು ಕೂರಲು ಜಾಗವನ್ನೇ ಬಿಟ್ಟಿಲ್ಲ! ಮೊದಲ ದಿನ ಪ್ರಯೋಗಕ್ಕೆಂದು ಬರೆದ ಹತ್ತು ಹಾಗೇ ಇದೆ. ಬರೆದವಳೂ ಇವಳೇ. ತಿಂಗಳಿಂದ ಇವಳು ಆರು ಎನ್ನುತ್ತಿದ್ದಳು, ಅದು ಹ್ಞೂಂಗುಟ್ಟಿ ಹತ್ತನ್ನೇ ನೋಡುತ್ತಿತ್ತು. ಮನೆಯಲ್ಲಿ ಗಂಡ ಪೇಪರಿನ ಹಿಂದಿನಿಂದ ಹ್ಞೂಂ ಅಂದರೆ, ಏನು ಹೇಳಿದೆ ಹೇಳಿ ನೋಡೋಣ ಎಂದು ಬಾಯಿಬಿಡಿಸುವವಳು, ಯಂತ್ರದ ಹ್ಞೂಂಗೆ ಮರುಳಾಗಿದ್ದಳು.

ಮ್ಯಾನೇಜರ್ ಒಳ್ಳೆಯ ಮನುಷ್ಯ. "ಹೋಗ್ಲಿ ಬಿಡಿ, ಸಾಫ್ಟ್‌ವೇರ್ ದೋಷ ಅಂತ ಬರೆಯೋಣ" ಎಂದರು.

"ಅದೇನು ಪಾಪ ಮಾಡಿದೆ ಸಾರ್? ಪರೀಕ್ಷೆ ಮಾಡದೆ ನಂಬಿದವಳು ನಾನು. ನನ್ನ ಹೆಸರೇ ಬರೀರಿ."

ಮಧ್ಯಾಹ್ನ ಎಲ್ಲ ಸರಿಪಡಿಸಿ, ತಂಗಿಯನ್ನು ಮೇಲೆ ಪರದೆಯ ಮುಂದೆ ಕೂರಿಸಿ, ತಾನು ಫ್ರಿಜ್ಜಿನ ಮುಂದೆ ನಿಂತಳು. ಬಿಸಿ ಅಳೆಯುವ ತಂತಿಯ ತುದಿಯನ್ನು ಎಂಟು ಡಿಗ್ರಿಯ ನೀರಿನ ಲೋಟದಲ್ಲಿ ಅದ್ದಿ ಹಿಡಿದು ಐದು ನಿಮಿಷ ಅಲ್ಲಾಡಲಿಲ್ಲ.

"ಕೆಂಪಾಯ್ತು ಅಕ್ಕಾ!" ಎಂದಿತು ಫೋನು.

ಕಾವಲಕ್ಕ ತಂತಿಯನ್ನು ಮತ್ತೆ ಫ್ರಿಜ್ಜಿನೊಳಗಿಟ್ಟು ಹೇಳಿದಳು, "ನಾಳೆ ಬೆಳಿಗ್ಗೆನೂ ಬಾಗಿಲು ತೆಗೆದು ನೋಡೇ."

"ನೀನು ಬೈತೀಯಲ್ಲ?"

"ಬೈತೀನಿ. ಆದ್ರೂ ನೋಡು."